ಇದೇ ಜಾಗದಲ್ಲಿ

ಮಿಸೌರಿಯ ಹೆದ್ದಾರಿ ಅಗಲವಾದಾಗ
ಫಲಕವನ್ನು ಕಿತ್ತು ನಾನೂರು ಅಡಿ ಆಚೆ ನೆಟ್ಟರು.
ಅದರ ಮೇಲೆ ಈಗಲೂ ‘ಇದೇ ಜಾಗದಲ್ಲಿ’ ಅಂತಲೇ ಇದೆ.

ವರ್ಲೀನ್ ಹ್ಯಾಸ್ಕೆಟ್ ವರ್ಷಕ್ಕೊಮ್ಮೆ ಬರುತ್ತಾಳೆ.
ಕೌಂಟಿಯ ಪಿಕಪ್ಪು, ತಂತಿಬ್ರಷ್ಷು, ಒಂದು ಡಬ್ಬಿ ಬೆಳ್ಳಿಬಣ್ಣ.
ಸೋಯಾ ಹೊಲದ ಗಾಳಿಗೆ ಬೆನ್ನು ಕೊಟ್ಟು
ಎರಕದ ಅಕ್ಷರಗಳನ್ನು ತಿದ್ದುತ್ತಾಳೆ,
ಮೊದಲ ಸಲ ಬರೆಯುವ ಮಗುವಿನ ಹಾಗೆ
ನಾಲಿಗೆ ಕಚ್ಚಿಕೊಂಡು.

ದೋಣಿಗಟ್ಟೆ ಇತ್ತಂತೆ.
ಯಜಮಾನನ ಹೆಸರಿದೆ, ಇಸವಿಯಿದೆ,
ಅವನ ಕುದುರೆಯ ಹೆಸರೂ ಇದೆ.
ಹುಟ್ಟು ಹಾಕಿದವಳದ್ದಿಲ್ಲ;
ಅವಳ ಹುಟ್ಟೂ ಎಲ್ಲೂ ಬರೆದಿಲ್ಲ.
ಕೊಂಡು ತಂದಿದ್ದರು ಅವಳನ್ನು,
ವರ್ಲೀನಳ ಅಜ್ಜಿಯ ಅಜ್ಜಿಯನ್ನು.

ಸೊನ್ನೆಯಂಥ ಒಂದು ಅಕ್ಷರದ ನಡುವೆ
ಯಾರೋ ಹೊತ್ತು ಹೋಗದೆ ಹೊಡೆದ ಗುಂಡಿನ ತೂತು.
ಬಣ್ಣ ಅಲ್ಲಿ ನಿಲ್ಲುವುದಿಲ್ಲ.
ಬಗ್ಗಿ ಕಣ್ಣಿಡುತ್ತಾಳೆ:
ಪೆಟ್ರೋಲ್ ಬಂಕಿನ ಹಿಂದೆ
ನದಿ ಬಿಟ್ಟುಹೋದ ಹಳೆಯ ತಿರುವು,
ಜೊಂಡು, ಒಂದಿಷ್ಟು ನಿಂತ ನೀರು.

ಕಾರೊಂದು ನಿಧಾನಿಸಿ
ಊಟ ಎಲ್ಲಿ ಸಿಗುತ್ತೆ ಅಂತ ಕೇಳುತ್ತದೆ.
ಬೆಳ್ಳಿ ಮೆತ್ತಿದ ಬೆರಳು ತೋರಿಸುತ್ತಾಳೆ.

ಸಂಜೆ ಡಬ್ಬಿ ಮುಚ್ಚಿ
ನಾನೂರು ಅಡಿ ನಡೆಯುತ್ತಾಳೆ.
ಅಲ್ಲಿ ತಿದ್ದಲು ಏನೂ ಇಲ್ಲ.
ಬ್ರಷ್ಷು ತೊಳೆಯುತ್ತಾಳೆ, ಅಷ್ಟೆ.
ನೀರು ಒಂದು ಗಳಿಗೆ
ಬೆಳ್ಳಗಾಗುತ್ತದೆ.