ಹುಬ್ಬು, ಮೂಗು

ನೂಕ್‌ನ ಆಸ್ಪತ್ರೆಯಲ್ಲಿ ನಾನು ದುಭಾಷಿ.
ಡೇನಿಶ್ ಮಾತನ್ನು ನಮ್ಮ ಮಾತಿಗೆ, ಅಲ್ಲಿಂದ ಮರಳಿ;
ಗಂಟೆ ಲೆಕ್ಕದ ಕೂಲಿ.

ಇವತ್ತು ಬಿಬಿಯಾನೆ, ಅರವತ್ತೆಂಟು,
ಕಂಗಾಮಿಯುತ್‌ನಿಂದ. ಮಂಜು ಕವಿದು ದೋಣಿ ಮೂರು ದಿನ ತಡ.
ಎಡಗಿವಿಯ ಕೆಳಗೊಂದು ಗಂಟು.
ಕಡಲಹಕ್ಕಿಯ ಮೊಟ್ಟೆಯಷ್ಟೂ ಇಲ್ಲ ಅನ್ನುತ್ತಾಳೆ.
ಇದೆ.

ಸೀಲ್ ಚರ್ಮ ಹೊಲಿಯುವ ಕೈ ಅವಳದು,
ಹುಡುಗಿಯಾಗಿದ್ದಾಗ ಅಜ್ಜಿಯ ಪಕ್ಕ ಕೂತು
ಚರ್ಮ ಅಗಿದು ಅಗಿದು ಮೆತ್ತಗಾಗಿಸಿದ ಹಲ್ಲು.
"ನನ್ನ ಎಂಜಲು ಕುಡಿದ ಬೂಟು
ಅರ್ಧ ಊರಿನ ಕಾಲಲ್ಲಿದೆ" ಅಂದಳು.
ಇದನ್ನು ಡಾಕ್ಟರಿಗೆ ದಾಟಿಸಲಿಲ್ಲ. ಯಾಕೋ.

ಡಾಕ್ಟರ್ ಥೋರ್ಕಿಲ್ ಇಲ್ಲಿಗೆ ಬಂದದ್ದು ಆರು ವಾರಕ್ಕೆ.
"ಹುಬ್ಬು ಮೇಲೆತ್ತಿ."
ಎತ್ತಿದಳು. ನಮ್ಮಲ್ಲಿ ಹಾಗೆಂದರೆ ಹೌದು.
"ಮೂಗು ಸುಕ್ಕಿಸಿ."
ಸುಕ್ಕಿಸಿದಳು. ಹಾಗೆಂದರೆ ಇಲ್ಲ.
ಪ್ರಶ್ನೆಯನ್ನೇ ಕೇಳದೆ ಎರಡೂ ಉತ್ತರ ಬರೆದುಕೊಂಡ.
ನಾವಿಬ್ಬರೂ ನಕ್ಕೆವು, ಅವನೂ
ಏನೆಂದು ತಿಳಿಯದೆ ನಕ್ಕ.

ಆಮೇಲೆ ಕಾಗದದಲ್ಲಿ ಒಂದು ಮುಖ ಗೀಚಿದ:
ಇದು ಜೊಲ್ಲಿನ ಗ್ರಂಥಿ, ನಡುವೆ ಹಾದುಹೋಗುವ ನರ,
ಕವಲೊಡೆದು ಹುಬ್ಬಿಗೆ, ರೆಪ್ಪೆಗೆ, ಮೂಗಿಗೆ, ತುಟಿಗೆ.
ಗಂಟು ಕೆಟ್ಟದ್ದಾಗಿ ನರವನ್ನು ಕಚ್ಚಿದ್ದರೆ
ಅದನ್ನೂ ಕತ್ತರಿಸಬೇಕಾದೀತು. ಅದಕ್ಕೇ
ಚಾಕುವಿಗಿಂತ ಮೊದಲು ಸೂಜಿ.
ನಾನು ಹೇಳಿ ಮುಗಿಸಿದೆ. ಈ ಸಲ ಯಾರೂ ನಗಲಿಲ್ಲ.

ಪೊಟ್ಟಣದೊಳಗಿನ ಸೂಜಿಯನ್ನು ಬೆಳಕಿಗೆ ಹಿಡಿದಳು ಬಿಬಿಯಾನೆ.
"ಇದಕ್ಕೆ ಕಣ್ಣೇ ಇಲ್ಲವಲ್ಲ, ದಾರ ಎಲ್ಲಿ ಪೋಣಿಸುತ್ತಾನೆ?"
ದಾರವಿಲ್ಲ, ಅಂದೆ. ಒಳಗಿನದನ್ನು ಹೀರಿ ತರುವ ಸೂಜಿ.
"ಸುಳ್ಳು ಹೇಳುತ್ತದೆಯೋ?"
ದಾಟಿಸಿದೆ. ಅವನು ಕೊಂಚ ತಡೆದ.
"ಅಪರೂಪಕ್ಕೆ. ಕೆಲವು ಸಲ
ಏನನ್ನೂ ಹೇಳುವುದಿಲ್ಲ. ಆಗ ಮತ್ತೊಮ್ಮೆ ಚುಚ್ಚಬೇಕು."
"ನನ್ನ ಗಂಡನ ಹಾಗೆ" ಅಂದಳು. ಇದನ್ನೂ ದಾಟಿಸಲಿಲ್ಲ.

ತಣ್ಣನೆಯ ಲೋಳೆ ಸವರಿದ. ಪರದೆಯ ಮೇಲೆ ಬೂದು ಹವೆ.
ಚುಚ್ಚಿದಾಗ ಅವಳು ನಾಲಿಗೆಯ ತುದಿ ಹೊರತಂದಳು,
ದಾರ ಒದ್ದೆ ಮಾಡುವವಳಂತೆ.
ಮೂರು ಸಲ. ಗಾಜಿನ ಮೇಲೆ
ಒರೆಸಿದರೆ ಹೋಗುವಷ್ಟು ಹನಿ.
ಕೋಪನ್‌ಹೇಗನ್ನಿಗೆ ಹೋಗಿ ಉತ್ತರ ಬರಲು ಹತ್ತು ದಿನ.

ಹೊರಗೆ ಅಂಗಿಯ ಗುಂಡಿ ಹಾಕುತ್ತ ನಾನೇ ಕೇಳಿದೆ,
ಕೂಲಿಯ ಲೆಕ್ಕಕ್ಕೆ ಬಾರದ ಮಾತು:
ಭಯವಾ?

ಎಡಗಡೆಯ ಹುಬ್ಬೊಂದನ್ನೇ ಎತ್ತಲು ನೋಡಿದಳು.
ಆಗಲಿಲ್ಲ. ಎರಡೂ
ಒಟ್ಟಿಗೇ ಎದ್ದವು.