ಆರನೆಯದು

ಮೋಲ್ದೋ ಘಟ್ಟದ ಹದಿನೇಳನೆಯ ತಿರುವಿನಲ್ಲಿ
ಲಾರಿ ಕುಂಟತೊಡಗಿತು.
ಕೆಟ್ಟು ನಿಲ್ಲಲಿಲ್ಲ; ನಿಂತಿದ್ದರೆ ಬೈಯಬಹುದಿತ್ತು.
ನಾಲ್ಕು ಹೆಜ್ಜೆ ಸರಿ, ಒಂದು ಹೆಜ್ಜೆ ತೊದಲು.
ಹಿಂದೆ ಉಣ್ಣೆಕಂಬಳಿಯ ಸುರುಳಿ, ಗುಡಾರದ ಕೋಲು,
ಕಬ್ಬಿಣದ ಒಲೆ, ಕಾಲು ಕಟ್ಟಿದ ಏಳು ಕುರಿಮರಿ
ಎಲ್ಲವೂ ಒಟ್ಟಿಗೇ ಬಿಕ್ಕಳಿಸಿದವು.

"ಗಾಳಿ ತೆಳು," ಎಂದ ಅಪ್ಪ.
"ಇಷ್ಟು ಮೇಲೆ ಬಂದರೆ ಮನುಷ್ಯರಿಗೇ ಉಸಿರು ಸಾಲದು."
ಕಾರ್ಬುರೇಟರಿನ ತಿರುಪು ಕಾಲು ಸುತ್ತು ಒಳಗೆ,
ಅರೆ ಸುತ್ತು ಹೊರಗೆ, ಮತ್ತೆ ಮೊದಲಿದ್ದಲ್ಲಿಗೆ.
ಹೊಗೆಯ ಬಣ್ಣ ಬದಲಾಯಿತು. ಕುಂಟು ಬದಲಾಗಲಿಲ್ಲ.
ಪೆಟ್ರೋಲು ಸೋಸುವ ಗಾಜಿನ ಬಟ್ಟಲು ಬಿಚ್ಚಿ ನೀರಿದೆಯೇ ನೋಡಿದ.
ಇರಲಿಲ್ಲ.
ಟೋಪಿ ತೆಗೆದು ತಲೆ ಕೆರೆದುಕೊಂಡ.

ಸಾಮೂಹಿಕ ಬೇಸಾಯ ಮುರಿದು ಪಾಲು ಹಂಚಿದ ವರ್ಷ
ನಮಗೆ ಬಂದದ್ದು ಹನ್ನೆರಡು ಕುರಿ, ಅರ್ಧ ಕೊಟ್ಟಿಗೆ, ಈ ಲಾರಿ.
ಆ ಕುರಿಗಳು ಎಂದೋ ಮುಗಿದವು.
ಇದರ ಎಂಟು ಸಿಲಿಂಡರಿಗೆ ಕಿಡಿ ತಾಕುವ ಸರದಿಯನ್ನು
ನನಗೆ ಅಕ್ಷರಕ್ಕೂ ಮೊದಲೇ ಬಾಯಿಪಾಠ ಮಾಡಿಸಿದ್ದ:
ಒಂದು, ಐದು, ನಾಲ್ಕು, ಎರಡು, ಆರು, ಮೂರು, ಏಳು, ಎಂಟು.
ಶಾಲೆಯಲ್ಲಿ ಹಾಗೇ ಎಣಿಸಿ ಏಟು ತಿಂದಿದ್ದೆ.

"ಟಾರ್ಚು ಹಿಡಿ, ಬುರುಲ್."
ಎಂಜಿನ್ ಓಡುತ್ತಿರುವಾಗಲೇ ಕೈಗೆ ರಬ್ಬರು ಸುತ್ತಿಕೊಂಡು
ಒಂದೊಂದೇ ಪ್ಲಗ್ಗಿನ ತಂತಿ ಕಿತ್ತು ನೋಡಿದ.
ಒಂದು ಕಿತ್ತ. ಲಾರಿ ಮೈಯೆಲ್ಲ ನಡುಗಿ ಜಗಳಕ್ಕೆ ಬಂತು.
ಎರಡು ಕಿತ್ತ, ಮೂರು, ನಾಲ್ಕು. ಪ್ರತಿ ಸಲವೂ ನರಳಾಟ.
ಐದಕ್ಕೆ ಇನ್ನೇನು ಸತ್ತೇಹೋಯಿತು ಅನ್ನುವಷ್ಟು.
ಆರು ಕಿತ್ತ.
ಏನೂ ಆಗಲಿಲ್ಲ.
ಮತ್ತೆ ಸಿಕ್ಕಿಸಿದ. ಏನೂ ಆಗಲಿಲ್ಲ.
"ಇದೇ," ಎಂದ. "ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ."
ಮನೆಯಲ್ಲಿ ನಾನು ಆರನೆಯವಳು.
ಬೆಳಕು ಸ್ವಲ್ಪ ಅಲುಗಿತು.
"ಸರಿಯಾಗಿ ಹಿಡಿಯೇ."

ಪ್ಲಗ್ಗು ಬಿಚ್ಚಿದರೆ ಒದ್ದೆ. ಪೆಟ್ರೋಲು ಬಂದಿದೆ, ಬೆಂಕಿ ಬಂದಿಲ್ಲ.
ಐದರದು ಆರಕ್ಕೆ, ಆರರದು ಐದಕ್ಕೆ ಹಾಕಿದ.
ಐದು, ಬಂದದ್ದನ್ನು ಇಟ್ಟುಕೊಂಡು ದುಡಿಯಿತು.
ಆರು, ಹೊಸದನ್ನೂ ಒದ್ದೆ ಮಾಡಿತು.
ತಂತಿ ಬದಲಿಸಿದ. ಅದೇ ಮೌನ.
ಕತ್ತಲಾಗಿತ್ತು. ರಸ್ತೆಯಂಚಿನ ಹಿಮ ಮಾತ್ರ ಕಾಣುತ್ತಿತ್ತು.

ಆಗ ಕ್ಯಾಬಿನ್ನಿನಿಂದ ಸೈರಕಾನ್ ಅತ್ತೆ ಇಳಿದು ಬಂದಳು.
"ದೀಪ ಆರಿಸಿ. ನಿಮ್ಮ ಬೆಳಕಿನಲ್ಲಿ ಅದರ ಬೆಳಕು ಹೇಗೆ ಕಾಣಬೇಕು?"
ಆರಿಸಿದೆ.
ಮೊದಲು ನಕ್ಷತ್ರ. ಆಮೇಲೆ, ಕೆಳಗೆ,
ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳದ ಮೇಲೆ, ಆರನೆಯ ಗೂಡಿನ ಬುಡದಿಂದ
ನೀಲಿ ಎಳೆಯೊಂದು ಟಿಕ್ ಟಿಕ್ ಎಂದು ಜಾರಿ
ಉಕ್ಕಿನ ಕ್ಲಿಪ್ಪಿಗೆ ಸೋರಿಹೋಗುತ್ತಿತ್ತು.
ಕೂದಲೆಳೆಯ ಬಿರುಕು.
ಅದರ ಪಾಲಿನ ಕಿಡಿ ದಿನವೂ ಹೊರಡುತ್ತಿತ್ತು;
ಮುಟ್ಟುತ್ತಿರಲಿಲ್ಲ.

ಅಪ್ಪ ಚಾಕುವಿನ ಮೊನೆಯಿಂದ ಬಿರುಕಿನ ಮಸಿ ಕೆರೆದ,
ಒಣಬಟ್ಟೆಯಲ್ಲಿ ಒರೆಸಿದ. ಮುಚ್ಚಲು ಏನೂ ಇರಲಿಲ್ಲ.
ಅತ್ತೆ ಆಚೆ ತಿರುಗಿ, ಉಣ್ಣೆಯ ಕಾಲುಚೀಲದೊಳಗಿಂದ
ಬೆರಳುದ್ದದ ಸೀಸೆ ತೆಗೆದಳು:
ಚೆರ್ರಿಕೆಂಪು ಉಗುರುಬಣ್ಣ.
ಅರವತ್ತೆರಡು ವರ್ಷ ಅವಳಿಗೆ. ಕೈಯುಗುರಲ್ಲಿ ಬಣ್ಣ ಕಂಡವರಿಲ್ಲ.
ಕಾಲನ್ನು ಯಾರು ನೋಡಿದ್ದರು?
ಅಪ್ಪ ಕೇಳಲಿಲ್ಲ. ಬಗ್ಗಿ, ಉಸಿರು ಕಟ್ಟಿ,
ಮದುಮಗಳ ಕೈ ಹಿಡಿದಂತೆ ಮುಚ್ಚಳ ಹಿಡಿದು ಬಳಿದ.

"ಆರಲಿ," ಎಂದಳು ಅತ್ತೆ.
ಅವನು ಟೋಪಿಯಿಂದ ಗಾಳಿ ಬೀಸಿದ.
"ಇನ್ನೊಂದು ಸಲ ಬಳಿ. ಆರಲಿ."
ಕುರಿಮರಿಗಳು ಸುಮ್ಮನಾಗಿದ್ದವು. ಚಳಿಗೆ ನನ್ನ ಹಲ್ಲು ಕಟಕಟ.

ಮತ್ತೆ ಹೊರಟಾಗ ಯಾರೂ ಮಾತಾಡಲಿಲ್ಲ.
ಅವರಿಬ್ಬರ ನಡುವೆ ಕುಳಿತು, ಅಂಗಾಲಿನಿಂದ ಎಣಿಸಿದೆ:
ಒಂದು, ಐದು, ನಾಲ್ಕು, ಎರಡು,
ಇಲ್ಲಿ ಪ್ರತಿ ಸಲವೂ ಒಂದಿಷ್ಟು ಉಸಿರು ಹಿಡಿಯುತ್ತಿದ್ದೆ,
ಆರು.