ನೂರೈವತ್ತು ಪದ

ನಮೂನೆ 'ಎ' ಹೇಳ್ತದ: ಒಂದೇ ವಿಷಯ ಇರಲಿ,
ನೂರೈವತ್ತು ಪದ ಮೀರಬಾರದು.
ಜೋಡಿಗಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರು.
ನಲವತ್ತು ವರ್ಷ ಬ್ಯಾರೆಯವರ ಪದಕ್ಕ ರಟ್ಟು ಕಟ್ಟಿದವ ನಾ,
ನನ್ನ ಪದ ಎಣಿಸಿದ್ದು ಇದೇ ಮೊದಲ ಸಲ.

ಅರ್ಜಿದಾರ: ಮಕ್ಬೂಲ ಅಹ್ಮದ ಜಿಲ್ದಸಾಜ.
ವಯಸ್ಸು ಅರವತ್ತಾರು. ಶಹಾಬಜಾರ, ಕಲಬುರಗಿ.
ವಿಷಯ: ನಮ್ಮ ಓಣಿ ಹಿಂದಿನ ಉದ್ಯಾನದ ನಿರ್ವಹಣೆ.
ಐದು ವರ್ಷದ ಖರ್ಚು, ಮಾಲಿಯ ಹಾಜರಿ,
ನೀರಿನ ಟ್ಯಾಂಕರು, ಗಿಡಗಳ ಸಂಖ್ಯೆ. ದೃಢೀಕೃತ ನಕಲು ಕೊಡತಕ್ಕದ್ದು.

ಉಳಿದದ್ದು ಎಲ್ಲಿ ಬರೀಲಿ?
ಜೋಕಾಲಿಗಿ ಸರಪಳಿ ಅದ, ಹಲಗಿ ಇಲ್ಲ ಅಂಬುದು.
ಮೇ ತಿಂಗಳದಾಗ ಫರಸಿ ಬೆಂಚು
ಸಂಜಿ ಏಳಕ್ಕೂ ರೊಟ್ಟಿ ಹಂಚಿನಂಗ ಕಾದಿರ್ತದ ಅಂಬುದು.
ಕಾರಂಜಿ ಗುಂಡಿಯೊಳಗ ಚೆಂಡು ಹುಡುಕಲಿಕ್ಕ ಇಳಿದ ಹುಡುಗರು
ಹಾವಿನ ಪೊರಿ ಹಿಡ್ಕೊಂಡು ಮ್ಯಾಲ ಬಂದದ್ದು.
ಮತ್ತ ನನ್ನ ಮೊಮ್ಮಗಳು ಕೇಳಿದ್ದು:
"ನಾನಾ, ಬಗೀಚಾ ಅಂದ್ರ ಬೀಗಾ ಹಾಕಿದ ಜಾಗಾ ಏನು?"
ಬರೆದು, ಕಾಟು ಹಾಕಿದೆ.
ಕೇಳೋ ಹಕ್ಕು ಅರ್ಜಿದಾರಂದು, ಮೊಮ್ಮಗಳದಲ್ಲ.

ಕಿಟಕಿ ನಂಬರು ಏಳು. ಕುಂತವರು ಸುಗಂಧಾ ಮೇಡಂ.
"ಹಳೇ ರಿಜಿಸ್ಟರು ಸಿಗೂದಿಲ್ಲ ಬಿಡ್ರಿ ಕಾಕಾ."
ಸಿಗ್ತಾವ ಮೇಡಂ. ಕೆಂಪು ಬಟ್ಟಿ ಬೆನ್ನು, ಮೂಲಿಗಿ ಕರೀ ರೆಕ್ಸಿನ್,
ಒಂಬತ್ತು ಹೊಲಿಗಿ, ಮೈದಾ ಅಂಟಿನ್ಯಾಗ ಮೈಲುತುತ್ತ ಹಾಕೀನಿ,
ಹುಳ ಮುಟ್ಟಂಗಿಲ್ಲ. ಕಟ್ಟಿದವ ನಾನೇ.
ಖಾಲಿ ಇದ್ದಾಗ ನೋಡೀನಿ. ತುಂಬಿದ ಮ್ಯಾಲ ಒಮ್ಮಿ ನೋಡಬೇಕಾಗ್ಯಾದ.
ಅವರು ಪೆನ್ನಿನ ಟೊಪ್ಪಿಗಿ ಕಚ್ಚಿದರು, ನಕ್ಕರು,
ಠಪ್ಪಂತ ಶಿಕ್ಕಾ ಹೊಡೆದರು.

ಮೂವತ್ತು ದಿನ. ಮೂವತ್ತೊಂದು.
ಕಾಯೂದು ನನಗ ಗೊತ್ತದ. ಅಂಟು ಒಣಗೂ ತನಕ
ಪುಸ್ತಕ ತೆರೀಬಾರದು, ಹಾಳಿ ಕಿತ್ತು ಬರ್ತಾವ.
ಮೂವತ್ತೆಂಟಕ್ಕ ಪತ್ರ ಬಂತು:
ಪುಟಕ್ಕ ಎರಡು ರೂಪಾಯಿ, ಪುಟ ನಲವತ್ಮೂರು.
ತಡ ಆದ್ರ ಪುಕ್ಕಟೆ ಕೊಡಬೇಕಂತದ ಕಾಯ್ದೆ. ಜಗಳಾಡಲಿಲ್ಲ.
ಎಂಬತ್ತಾರು ರೂಪಾಯಿಗಿ ಬಗೀಚಾ ಖರೀದಿ ಮಾಡಿ
ಪ್ಲಾಸ್ಟಿಕ್ ಚೀಲದಾಗ ತಂದೆ.

ಏನು ಹಸಿರು!
ಪುಟ ಆರು: ಗುಲಾಬಿ ಇನ್ನೂರು, ದಾಸವಾಳ ಎಂಬತ್ತು.
ಪುಟ ಹದಿನೇಳು: ಹುಲ್ಲುಹಾಸು ಕತ್ತರಿಸಿದ್ದು, ತಿಂಗಳಿಗೆ ನಾಕು ಸಲ.
ಪುಟ ಇಪ್ಪತ್ತು: ಕಾರಂಜಿಯ ದೀಪ, ಬಣ್ಣ ಮೂರು.
ಓದ್ತಾ ಓದ್ತಾ ಅಂಗಾಲು ತಂಪಾದವು.
ಟ್ಯಾಂಕರಿನ ಲೆಕ್ಕ ಬಿಸಿಲಿಗಿ ಹಿಡಿದು ನೋಡಿದೆ,
ಒಂದು ಹನಿ ಬಿದ್ದ ಕಲೀನೂ ಇಲ್ಲ.

ಮಾಲಿ ಹುಲಗಪ್ಪ. ಹಾಜರಿ ಪುಟದಾಗ ಅವನ ಸಹಿ
ಹಾರಿಲೇ ಅಗೆದಂಗ ಆಳ.
ಬಂದದ್ದು ಐದು ವರ್ಷ. ಪಗಾರ ಹನ್ನೊಂದು ತಿಂಗಳದ್ದು.
ಕಡೀ ಪುಟದ ಅಂಚಿನ್ಯಾಗ, ನನ್ನ ಹೊಲಿಗಿ ಹತ್ತಿರ,
ಝೆರಾಕ್ಸು ಅರ್ಧ ನುಂಗಿದ ಸಣ್ಣ ಅಕ್ಷರ:
"ಬೇವು ಒಂದು. ನಾನೇ ಹಚ್ಚೀನಿ. ಲೆಕ್ಕದಾಗ ಇಲ್ಲ."

ಅದರ ನೆರಳಾಗೇ ಕುಂತು ಓದ್ಲಿಕ್ಕತ್ತೀನಿ ಇದೆಲ್ಲ.
ಗೇಟು ಹಾರಿ ಬಂದೀನಿ, ಅರವತ್ತಾರರಾಗ,
ಮೊಣಕಾಲು ತರಚ್ಯಾದ, ಮನ್ಯಾಗ ಹೇಳಿಲ್ಲ.
ಮ್ಯಾಲ ಒಂದು ಅಳಿಲು, ಅದೂ ಅರ್ಜಿ ಹಾಕಿ ಬಂದದ್ದಲ್ಲ.

ಮೇಲ್ಮನವಿಗಿ ಇನ್ನಾ ಮೂವತ್ತು ದಿನ ಅದ.
ಗುಲಾಬಿ ಕೇಳ್ತೀನಿ. ಹುಲ್ಲು ಕೇಳ್ತೀನಿ.
ಹುಲಗಪ್ಪನ ನಲವತ್ತೊಂಬತ್ತು ತಿಂಗಳು ಕೇಳ್ತೀನಿ.
ಬೇವು ಮಾತ್ರ ಕೇಳಂಗಿಲ್ಲ.
ಕೇಳಿದರ ಯಾರರ ಬಂದು ಎಣಿಸ್ತಾರ,
ಎಣಿಸಿದ ಮ್ಯಾಲ ಅದಕ್ಕ ನಂಬರು ಬರ್ತದ,
ನಂಬರು ಬಂದ ಗಿಡಗಳ ಗತಿ ಏನಂತ
ನನ್ನ ಕೈಯಾಗೇ ಅದ, ದೃಢೀಕೃತ.